ಬಸದಿ, ಟ್ರಸ್ಟ್, ಅಂಗಡಿ: ವೆಬ್‌ಸೈಟಿಗೆ ಹೆಸರು ಆರಿಸುವ ಮುನ್ನ

ಈಗ ಯಾವ ಊರಿನ ಪಂಚಕಲ್ಯಾಣದ ಆಮಂತ್ರಣ ಪತ್ರಿಕೆ ತೆರೆದರೂ ಕೊನೆಯ ಪುಟದಲ್ಲಿ ಟ್ರಸ್ಟಿನ ಬ್ಯಾಂಕ್ ಖಾತೆ ಸಂಖ್ಯೆ, ಕ್ಯೂಆರ್ ಕೋಡ್, ಅದರ ಕೆಳಗೆ ಒಂದು ವೆಬ್‌ಸೈಟ್ ವಿಳಾಸ ಇರುವುದು ಸಾಮಾನ್ಯವಾಗಿದೆ. ಪತ್ರಿಕೆಯ ಬಣ್ಣ ಯಾವುದು, ಯಾರ ಹೆಸರು ಯಾರ ಮೇಲೆ ಬರಬೇಕು ಎಂಬುದಕ್ಕೆ ಮೂರು ಸಭೆ ನಡೆಯುತ್ತವೆ. ವೆಬ್‌ಸೈಟಿನ ಹೆಸರನ್ನು ಮಾತ್ರ ಸೈಟ್ ಮಾಡಿಕೊಡುವ ಹುಡುಗ ಐದು ನಿಮಿಷದಲ್ಲಿ, ಸಿಕ್ಕಿದ್ದನ್ನು ಹಿಡಿದು ಮುಗಿಸಿರುತ್ತಾನೆ. ಪತ್ರಿಕೆ ಮಹೋತ್ಸವ ಮುಗಿದ ಮೇಲೆ ರದ್ದಿಗೆ ಹೋಗುತ್ತದೆ. ಆ ಹೆಸರು ಇನ್ನೂ ಇಪ್ಪತ್ತು ವರ್ಷ ಸಂಸ್ಥೆಯ ಜೊತೆಗೇ ಇರಬೇಕಾದದ್ದು.

ಈ ಹೆಸರಿಗೆ ಡೊಮೈನ್ ನೇಮ್ ಎನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮೊದಮೊದಲು ಯಾವ ಹೆಸರಿಗೆ ಯಾವ ಅಂಕಿ ಎಂಬುದನ್ನು ಒಂದೇ ಪಟ್ಟಿಯಲ್ಲಿ ಬರೆದಿಟ್ಟು, ಅದರ ಪ್ರತಿಯನ್ನು ಎಲ್ಲರೂ ಇಟ್ಟುಕೊಳ್ಳುತ್ತಿದ್ದರು. ಪಟ್ಟಿ ಬೆಳೆದು ನಿಭಾಯಿಸುವುದು ಕಷ್ಟವಾದಾಗ, 1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ಈಗಿನ ಡೊಮೈನ್ ವ್ಯವಸ್ಥೆಯನ್ನು ರೂಪಿಸಿದರು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪನಿ ಮೊಟ್ಟಮೊದಲ ಡಾಟ್ ಕಾಮ್ ಹೆಸರನ್ನು ನೋಂದಾಯಿಸಿತು. ಭಾರತದ ಡಾಟ್ ಇನ್ ಹೆಸರುಗಳು 2005ರಲ್ಲಿ ಎಲ್ಲರಿಗೂ ಮುಕ್ತವಾದವು. ಅವುಗಳನ್ನು ನೋಡಿಕೊಳ್ಳುವುದು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಚಿಕ್ಕದಾಗಿ ನಿಕ್ಸಿ.

ವ್ಯಾಪಾರಸ್ಥರಿಗೆ ಒಂದು ಮಾತಿನಲ್ಲಿ ಹೇಳುವುದಾದರೆ, ಡೊಮೈನ್ ಎಂದರೆ ಅಂಗಡಿಯ ಬೋರ್ಡು, ಅಂಗಡಿಯಲ್ಲ. ಸೈಟಿನ ಪುಟಗಳು, ಫೋಟೋಗಳು ಇರುವ ಜಾಗಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಅದಕ್ಕೆ ಬೇರೆ ಬಾಡಿಗೆ. ಕಟ್ಟಡ ಬದಲಾಯಿಸಿದರೂ ಬೋರ್ಡನ್ನು ಕಿತ್ತುಕೊಂಡು ಹೋಗಿ ಹೊಸ ಕಟ್ಟಡಕ್ಕೆ ಹಾಕಬಹುದು. ಆದರೆ ಈ ಬೋರ್ಡು ಕ್ರಯಕ್ಕೆ ಸಿಗುವುದಿಲ್ಲ. ಒಂದು ವರ್ಷದಿಂದ ಹೆಚ್ಚೆಂದರೆ ಹತ್ತು ವರ್ಷದವರೆಗೆ ಲೀಸಿಗೆ ಮಾತ್ರ ಸಿಗುತ್ತದೆ, ಅವಧಿ ಮುಗಿದಾಗ ಮತ್ತೆ ಹಣ ಕಟ್ಟಿ ಮುಂದುವರಿಸಬೇಕು. “ಡೊಮೈನ್ ಕೊಂಡಿದ್ದೇವೆ” ಎಂಬ ಮಾತೇ ಅನೇಕ ಟ್ರಸ್ಟುಗಳನ್ನು ದಾರಿ ತಪ್ಪಿಸಿದೆ.

ಕಿವಿಯ ಪರೀಕ್ಷೆ

ಒಳ್ಳೆಯ ಹೆಸರಿನ ಮೊದಲ ಪರೀಕ್ಷೆ ಕಣ್ಣಿನದಲ್ಲ, ಕಿವಿಯದು. ಬಸದಿಯಲ್ಲಿ ಪೂಜೆ ಮುಗಿದ ಮೇಲೆ ಒಬ್ಬರು ಇನ್ನೊಬ್ಬರಿಗೆ ಹೇಳಿದಾಗ, ಅಜ್ಜಿ ಊರಿನಿಂದ ಫೋನಿನಲ್ಲಿ ಪುಣೆಯ ಮೊಮ್ಮಗನಿಗೆ ಹೇಳಿದಾಗ, ಕೇಳಿದವರು ಇನ್ನೊಮ್ಮೆ ಕೇಳದೆ ಸರಿಯಾಗಿ ಟೈಪ್ ಮಾಡುವಂತಿರಬೇಕು. “ಅದರಲ್ಲಿ ಒಂದು ಎಚ್ ಇಲ್ಲ ಮಗಾ, ಎರಡು ಇ ಹಾಕು, ನಡುವೆ ಒಂದು ಗೆರೆ ಬರುತ್ತೆ” ಎಂದು ವಿವರಿಸಬೇಕಾದ ಹೆಸರು ಅರ್ಧ ಸೋತ ಹೆಸರೇ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಜೆಫ್ ಬೆಜೋಸ್ 1994ರಲ್ಲಿ ಕಂಪನಿ ಶುರು ಮಾಡಿದಾಗ ಇಟ್ಟ ಹೆಸರು ಕಡಾಬ್ರಾ, ಜಾದೂಗಾರರ ಅಬ್ರಕಡಾಬ್ರ ಎಂಬ ಮಾತಿನ ಬಾಲ. ಫೋನಿನಲ್ಲಿ ಅದನ್ನು ಕೇಳಿದ ಅವರ ವಕೀಲರಿಗೆ ಕೇಳಿಸಿದ್ದು ‘ಕಡಾವರ್’, ಅಂದರೆ ಹೆಣ. ಆ ಹೆಸರು ಅಲ್ಲಿಗೆ ಹೋಯಿತು, ಅಮೆಜಾನ್ ಬಂತು. ಒಂದು ಫೋನ್ ಕರೆಯಲ್ಲಿ ಗೊತ್ತಾಗುವ ವಿಷಯ ಇದು. ಬಸದಿಯ ಸೈಟಿಗೂ ಹಾಗೆಯೇ ಮಾಡಬಹುದು: ಹೆಸರು ಖಚಿತ ಮಾಡುವ ಮೊದಲು ಬೇರೆ ಬೇರೆ ಊರಿನ ಐದಾರು ಮಂದಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಬರೆದು ಕಳಿಸಲು ಹೇಳಿ. ಆರರಲ್ಲಿ ಐದು ಮಂದಿ ಒಂದೇ ರೀತಿ ಬರೆದರೆ ಹೆಸರು ಗಟ್ಟಿ. ಮೂವರು ಮೂರು ರೀತಿ ಬರೆದರೆ ಅದು ಬೇಡ.

ಕನ್ನಡಿಗರಿಗೆ ಈ ಪರೀಕ್ಷೆ ಇಂಗ್ಲಿಷ್‌ನವರಿಗಿಂತ ಕಠಿಣ. ಕನ್ನಡದಲ್ಲಿ ಉಚ್ಚರಿಸಿದಂತೆ ಬರೆಯುತ್ತೇವೆ ಎಂಬ ಹೆಮ್ಮೆ ಇದೆ, ಆದರೆ ಅದೇ ಮಾತನ್ನು ರೋಮನ್ ಅಕ್ಷರಕ್ಕೆ ಇಳಿಸಿದರೆ ಆ ಹೆಮ್ಮೆಯೆಲ್ಲ ಕರಗಿಹೋಗುತ್ತದೆ. ಅಲ್ಲಿ ಳ ಮತ್ತು ಲ ಒಂದೇ, ಣ ಮತ್ತು ನ ಒಂದೇ, ಹ್ರಸ್ವಕ್ಕೂ ದೀರ್ಘಕ್ಕೂ ಗೆರೆಯಿಲ್ಲ. ‘ಮಹಾವೀರ’ ಎಂಬ ಹೆಸರನ್ನೇ ನೋಡಿ. ‘ವೀ’ಗೆ ಒಂದು ಐ ಹಾಕುವವರುಂಟು, ಎರಡು ಇ ಹಾಕುವವರುಂಟು. ಕೊನೆಯ ಎ ಬರೆಯುವವರುಂಟು, ಬಿಡುವವರುಂಟು. ‘ಹಾ’ಗೆ ಒಂದು ಎ ಸಾಕೆನ್ನುವವರು, ಎರಡು ಬೇಕೆನ್ನುವವರು. ಅಲ್ಲಿಗೇ ಎಂಟು ರೂಪ ಆಯಿತು. ವಿ ಬದಲು ಡಬ್ಲ್ಯು ಬರೆಯುವವರನ್ನು ಸೇರಿಸಿದರೆ ಹದಿನಾರು. ‘ತೀರ್ಥಂಕರ’, ‘ಕ್ಷೇತ್ರ’, ‘ಅಹಿಂಸಾ’ ಎಲ್ಲಕ್ಕೂ ಇದೇ ಪಾಡು.

ಕೊನೆಯ ಎ ವಿಷಯದಲ್ಲಿ ಸಮಾಜದೊಳಗೇ ಎರಡು ಅಭ್ಯಾಸ ಇದೆ. ತುಳುನಾಡು, ಮಲೆನಾಡು, ಹಳೇ ಮೈಸೂರಿನವರು ‘ಜೈನ’, ‘ಸಂಘ’, ‘ಮಂದಿರ’ ಎನ್ನುತ್ತಾರೆ. ಬೆಳಗಾವಿ ಗಡಿಯ ಮರಾಠಿ ಮಾತಿನ ಮನೆಗಳಲ್ಲಿ, ಬೆಂಗಳೂರಿನ ರಾಜಸ್ಥಾನಿ ಗುಜರಾತಿ ಕುಟುಂಬಗಳಲ್ಲಿ ‘ಜೈನ್’, ‘ಸಂಘ್’, ‘ಮಂದಿರ್’. ಇಬ್ಬರೂ ಬರುವ ಸೈಟಾದರೆ ಇಂಥ ಪದವನ್ನು ಹೆಸರಿನ ಕೊನೆಗೆ ಇಡದಿರುವುದು ಲೇಸು. ಕನ್ನಡ ಪತ್ರಿಕೆಗಳಲ್ಲೂ ಇದು ಕಾಣುತ್ತದೆ. ‘ವಿಜಯ ಕರ್ನಾಟಕ’ ಎಂದು ಕನ್ನಡಿಗರೆಲ್ಲ ಓದುವ ಪತ್ರಿಕೆಯ ವೆಬ್ ವಿಳಾಸದಲ್ಲಿ ವಿಜಯದ ಕೊನೆಯ ಎ ಇಲ್ಲ, ಅದು ‘ವಿಜಯ್’. ಲಕ್ಷಾಂತರ ಓದುಗರಿರುವ ಪತ್ರಿಕೆಗೆ ಇದರಿಂದ ನಷ್ಟವಿಲ್ಲ, ಜನ ಗೂಗಲ್‌ನಲ್ಲಿ ಹುಡುಕಿ ತಲುಪುತ್ತಾರೆ. ಇನ್ನೂರು ಮನೆಯ ಟ್ರಸ್ಟಿಗೆ ಆ ಅನುಕೂಲ ಇಲ್ಲ.

ಊರಿನ ಹೆಸರು

ಊರಿನ ಹೆಸರು ಸೇರಿಸುವುದು ಒಳ್ಳೆಯ ಕ್ರಮ. ಪಾರ್ಶ್ವನಾಥ ಬಸದಿ, ಆದಿನಾಥ ಬಸದಿ, ಚಂದ್ರನಾಥ ಬಸದಿ ಎಂಬ ಹೆಸರುಗಳು ರಾಜ್ಯದಲ್ಲಿ ಎಷ್ಟೋ ಕಡೆ ಇವೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಊರೇ. ಆದರೆ ಊರಿನ ಹೆಸರಿನಲ್ಲೂ ತೊಡಕಿದೆ.

ಶ್ರವಣಬೆಳಗೊಳದ ಮೊದಲ ಅಕ್ಷರಕ್ಕೆ ಎಸ್ ಮಾತ್ರವೋ ಎಸ್ ಎಚ್ ಎರಡೂ ಬೇಕೋ? ‘ಬೆಳ’ ಆದಮೇಲೆ ಎ ಬರುತ್ತದೋ ಇಲ್ಲವೋ? ಎರಡೂ ರೂಪ ಪುಸ್ತಕಗಳಲ್ಲಿ, ಬೋರ್ಡುಗಳಲ್ಲಿ ಇವೆ. ಮೂಡುಬಿದಿರೆ ಎಂದು ಕನ್ನಡದಲ್ಲಿ ಬರೆದರೂ ಇಂಗ್ಲಿಷಿನಲ್ಲಿ ಕಾಣುವುದು ಮೂಡಬಿದ್ರಿ, ಮೂಡ್‌ಬಿದ್ರಿ, ಮುಡಬಿದ್ರಿ. ಪದ್ಮಾವತಿ ಅಮ್ಮನವರ ಕ್ಷೇತ್ರಕ್ಕೆ ಹೊಂಬುಜ, ಹುಂಬುಜ, ಹುಂಚ ಎಂದು ಹೆಸರೇ ಬೇರೆ ಬೇರೆ. ಇಂಥ ಕಡೆ ಒಂದೇ ರೂಪವನ್ನು ಹಿಡಿದು ಉಳಿದವು ತಪ್ಪು ಎಂದು ವಾದಿಸಿ ಫಲವಿಲ್ಲ. ಹೆಚ್ಚು ಬಳಕೆಯಲ್ಲಿರುವ ಎರಡು ರೂಪಗಳನ್ನೂ ನೋಂದಾಯಿಸಿ, ಒಂದನ್ನು ಮುಖ್ಯವಾಗಿಟ್ಟು, ಇನ್ನೊಂದನ್ನು ಟೈಪ್ ಮಾಡಿದವರೂ ಅದೇ ಸೈಟಿಗೆ ಬರುವಂತೆ ಮಾಡಬೇಕು. ಇದಕ್ಕೆ ಫಾರ್ವರ್ಡಿಂಗ್ ಎನ್ನುತ್ತಾರೆ, ಸೈಟ್ ಮಾಡುವವರಿಗೆ ಹತ್ತು ನಿಮಿಷದ ಕೆಲಸ. ಎರಡು ಸಾಕು. ಹದಿನಾರು ರೂಪ ಕೊಳ್ಳಿ ಎಂದು ಯಾರಾದರೂ ಹೇಳಿದರೆ ಅವರು ಮಾರುವವರ ಕಡೆಯವರು.

ಸರ್ಕಾರವೂ ಹೆಸರು ಬದಲಿಸುತ್ತದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಬೆಲ್ಗಾಂ ಹೋಗಿ ಬೆಳಗಾವಿ, ಹುಬ್ಳಿ ಹೋಗಿ ಹುಬ್ಬಳ್ಳಿ, ಮ್ಯಾಂಗಲೋರ್ ಹೋಗಿ ಮಂಗಳೂರು, ಶಿಮೋಗ ಹೋಗಿ ಶಿವಮೊಗ್ಗ. ಅದಕ್ಕೂ ಮೊದಲು ಹಳೆಯ ಹೆಸರಿನಲ್ಲಿ ಡೊಮೈನ್ ಮಾಡಿಸಿಕೊಂಡವರು ಈಗ ಏನು ಮಾಡಬೇಕು? ಹಳೆಯದನ್ನು ಬಿಡಬಾರದು. ಹೊಸ ರೂಪವನ್ನು ಜೊತೆಗೆ ತೆಗೆದುಕೊಂಡು ಹಳೆಯದನ್ನೂ ವರ್ಷ ವರ್ಷ ನವೀಕರಿಸುತ್ತಿರಬೇಕು. ಹತ್ತು ವರ್ಷದ ಹಿಂದಿನ ರಶೀದಿ, ಕ್ಯಾಲೆಂಡರ್, ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿರುವುದು ಹಳೆಯ ವಿಳಾಸವೇ.

ಉದ್ದ ಹೆಸರು, ಚಿಕ್ಕ ಹೆಸರು

ನಿಯಮದ ಪ್ರಕಾರ ಚುಕ್ಕೆಗೆ ಮೊದಲಿನ ಭಾಗದಲ್ಲಿ 63 ಅಕ್ಷರದವರೆಗೆ ಇರಬಹುದು. ರೋಮನ್ ಅಕ್ಷರ, ಅಂಕಿ, ಹೈಫನ್ ಎಂಬ ಸಣ್ಣ ಅಡ್ಡಗೆರೆ ಇಷ್ಟಕ್ಕೆ ಅವಕಾಶ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ‘ಶ್ರೀ 1008 ಭಗವಾನ್ ಪಾರ್ಶ್ವನಾಥ ದಿಗಂಬರ ಜೈನ ಬಸದಿ ಸೇವಾ ಟ್ರಸ್ಟ್’ ಎಂಬಂಥ ನೋಂದಣಿ ಹೆಸರನ್ನು ರೋಮನ್ ಅಕ್ಷರದಲ್ಲಿ ಎಣಿಸಿದರೆ ಐವತ್ತು ದಾಟುತ್ತದೆ. ನಿಯಮದೊಳಗೆ ಹಿಡಿಸುತ್ತದೆ ನಿಜ, ಆದರೆ ಯಾರ ತಲೆಯಲ್ಲೂ ಹಿಡಿಸುವುದಿಲ್ಲ. ಇದಕ್ಕೆ ಹೆದರಿ ಕೆಲವರು ಮೊದಲಕ್ಷರಗಳನ್ನಷ್ಟೇ ಜೋಡಿಸುತ್ತಾರೆ: ಎಸ್‌ಬಿಪಿಡಿಜೆಬಿಎಸ್‌ಟಿ. ಇದು ಔಷಧಿ ಚೀಟಿಯ ಹಾಗೆ, ಬರೆದವರಿಗೆ ಮಾತ್ರ ಅರ್ಥ.

ಇವೆರಡರ ನಡುವಿನ ದಾರಿ, ಊರಿನವರ ಬಾಯಲ್ಲಿ ಇರುವ ಹೆಸರು. ಮೂಡುಬಿದಿರೆಯ ದೊಡ್ಡ ಬಸದಿಗೆ ತ್ರಿಭುವನ ತಿಲಕ ಚೂಡಾಮಣಿ ಎಂಬ ಗಂಭೀರ ಹೆಸರಿದೆ. ಆದರೆ ಬಸ್ಸಿನಿಂದ ಇಳಿದವರು ದಾರಿ ಕೇಳುವುದು ಸಾವಿರ ಕಂಬದ ಬಸದಿಗೆ. ಆಟೋದವರಿಗೆ ಗೊತ್ತಿರುವುದೂ ಅದೇ. ಟ್ರಸ್ಟ್ ಡೀಡಿನಲ್ಲಿ, ರಶೀದಿಯಲ್ಲಿ ಪೂರ್ಣ ಹೆಸರು ಇರಲಿ, ಸೈಟಿನ ಮೇಲ್ಭಾಗದಲ್ಲೂ ದೊಡ್ಡದಾಗಿ ಇರಲಿ. ವಿಳಾಸಕ್ಕೆ ಮಾತ್ರ ಬಳಕೆಯ ಹೆಸರು ಸಾಕು. ಊರು ಮತ್ತು ಬಸದಿ, ಅಥವಾ ಊರು ಮತ್ತು ಜೈನ, ಎರಡೇ ಪದ. ‘ಶ್ರೀ’ ಬಿಟ್ಟರೆ ಅಗೌರವ ಎಂದು ಹಿರಿಯರು ಆಕ್ಷೇಪಿಸಬಹುದು. ಅದನ್ನು ಬರೆಯಲು ‘ಶ್ರೀ’ಗೆ ಕೊನೆಯಲ್ಲಿ ಐ, ಎರಡು ಇ, ಮೊದಲಲ್ಲಿ ಎಸ್ ಎಚ್, ಬರೀ ಎಸ್ ಎಂದು ನಾಲ್ಕು ದಾರಿ ಇವೆ ಎಂದು ತೋರಿಸಿದರೆ ಒಪ್ಪಿಯಾರು.

ಎರಡು ಪದ ಕೂಡಿಸುವಾಗ ಸಂಧಿ ನೋಡಿಕೊಳ್ಳಬೇಕು. ಜೈನ ಮತ್ತು ಅಹಿಂಸಾ ಸೇರಿದರೆ ನಡುವೆ ಎರಡು ಎ ಒತ್ತೊತ್ತಾಗಿ ಬರುತ್ತವೆ. ಟೈಪ್ ಮಾಡುವವರು ಒಂದನ್ನು ನುಂಗುತ್ತಾರೆ. ಬಸದಿ ಮತ್ತು ಇಂಡಿಯಾ ಸೇರಿದರೆ ಎರಡು ಐ. ಇನ್ನು ಪದಗಳ ನಡುವೆ ಜಾಗ ಇಲ್ಲದ ಕಾರಣ ಬೇರೆ ಕಡೆ ಒಡೆದು ಓದಿದರೆ ಬೇರೆ ಅರ್ಥ ಹುಟ್ಟುವುದೂ ಉಂಟು. ಅಮೆರಿಕದ ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಎಂಬ ಸೈಟಿನ ವಿಳಾಸವನ್ನು ಜನ ತಪ್ಪು ಜಾಗದಲ್ಲಿ ಒಡೆದು ಓದಿ ನಗಾಡಿದ ಮೇಲೆ ನಡುವೆ ಹೈಫನ್ ಬಂತು. ಹೆಸರನ್ನು ಸಣ್ಣಕ್ಷರದಲ್ಲಿ ಒಟ್ಟಿಗೆ ಬರೆದು ಮನೆಯ ಕಾಲೇಜು ಮಕ್ಕಳ ಕೈಗೆ ಕೊಟ್ಟರೆ ಸಾಕು, ಅಂಥದ್ದೇನಾದರೂ ಇದ್ದರೆ ಕ್ಷಣದಲ್ಲಿ ಹಿಡಿಯುತ್ತಾರೆ. ಹಾಗೆಂದು ಮೊದಲೇ ಹೈಫನ್ ಹಾಕಿಕೊಳ್ಳುವುದೂ ಒಳ್ಳೆಯದಲ್ಲ, ಫೋನಿನಲ್ಲಿ ಹೇಳುವಾಗ ಅದು ಬಿಟ್ಟುಹೋಗುತ್ತದೆ.

ಅಂಕಿಯೂ ಅಷ್ಟೇ. 24 ಎಂದರೆ ಅಂಕಿಯಲ್ಲೋ ಅಕ್ಷರದಲ್ಲೋ, ಕನ್ನಡದಲ್ಲೋ ಹಿಂದಿಯಲ್ಲೋ ಎಂಬ ಪ್ರಶ್ನೆ ಏಳುತ್ತದೆ. ಇಸವಿಯನ್ನಂತೂ ಸೇರಿಸಲೇಬಾರದು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006ರಲ್ಲಿ, 2018ರಲ್ಲಿ ಆಯಿತು, ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಯಾವುದೇ ಕ್ಷೇತ್ರದವರು ಇಂಥ ಮಹೋತ್ಸವಕ್ಕೆಂದು ಇಸವಿ ಸೇರಿಸಿ ಹೊಸ ಡೊಮೈನ್ ಮಾಡಿಸಿದರೆ, ಮರುವರ್ಷ ಅದು ಯಾರಿಗೂ ಬೇಡವಾಗುತ್ತದೆ. ನವೀಕರಣ ನಿಲ್ಲುತ್ತದೆ, ಅದರಲ್ಲಿದ್ದ ಫೋಟೋ, ದಾನಿಗಳ ಪಟ್ಟಿ ಎಲ್ಲ ಹೋಗುತ್ತದೆ. ಸಂಸ್ಥೆಯ ಖಾಯಂ ಸೈಟಿನೊಳಗೇ ಮಹೋತ್ಸವಕ್ಕೊಂದು ಪುಟ ತೆರೆದರೆ ಮುಂದಿನ ಸಲದವರೆಗೂ ಅದು ದಾಖಲೆಯಾಗಿ ಉಳಿಯುತ್ತದೆ.

ಚುಕ್ಕೆಯ ಆಚೆ

ಡಾಟ್ ಕಾಮ್ ವ್ಯಾಪಾರಕ್ಕೆ, ಡಾಟ್ ಆರ್ಗ್ ಸೇವಾಸಂಸ್ಥೆಗೆ, ಡಾಟ್ ನೆಟ್ ನೆಟ್‌ವರ್ಕ್ ಕಂಪನಿಗಳಿಗೆ ಎಂಬುದು ಹಳೆಯ ವಿಂಗಡಣೆ. ಈಗ ಯಾರು ಯಾವುದನ್ನಾದರೂ ಪಡೆಯಬಹುದು. ಪ್ರಜಾವಾಣಿಯ ವಿಳಾಸ ಡಾಟ್ ನೆಟ್, ಉದಯವಾಣಿಯದು ಡಾಟ್ ಕಾಮ್, ಎರಡೂ ಪತ್ರಿಕೆಗಳೇ. ಡಾಟ್ ಆರ್ಗ್ ಇದೆಯೆಂದು ಅದು ಪ್ರಾಮಾಣಿಕ ಟ್ರಸ್ಟ್ ಎಂದು ನಂಬುವಂತಿಲ್ಲ, ಯಾವ ವಿಚಾರಣೆಯೂ ಇಲ್ಲದೆ ಅದು ಸಿಗುತ್ತದೆ. ಆದರೂ ಜನರ ಮನಸ್ಸಿನಲ್ಲಿ ಆ ವಿಂಗಡಣೆ ಉಳಿದಿರುವುದರಿಂದ ಬಸದಿ, ವಿದ್ಯಾರ್ಥಿನಿಲಯ, ಟ್ರಸ್ಟುಗಳಿಗೆ ಡಾಟ್ ಆರ್ಗ್ ಅಥವಾ ಡಾಟ್ ಇನ್, ಅಂಗಡಿಗಳಿಗೆ ಡಾಟ್ ಇನ್ ಅಥವಾ ಡಾಟ್ ಕಾಮ್ ಹೊಂದುತ್ತದೆ. ಡಾಟ್ ಕೋ ಎಂಬುದು ಕೊಲಂಬಿಯಾ ದೇಶದ್ದು. ಅದನ್ನು ಹೇಳಿದರೆ ಕೇಳುವವರು ತಾವೇ ಎಂ ಸೇರಿಸಿಕೊಳ್ಳುತ್ತಾರೆ.

ಬಿಟ್ಟಿ ಸಿಗುವುದಕ್ಕೆ ಕೈ ಚಾಚುವುದು ಬೇಡ. ಪೆಸಿಫಿಕ್ ಸಾಗರದ ಟೊಕೆಲಾವ್ ಎಂಬ ಪುಟ್ಟ ದ್ವೀಪ ಪ್ರದೇಶದ ಡಾಟ್ ಟಿಕೆ ಹೆಸರುಗಳನ್ನು ಬಹಳ ಕಾಲ ಉಚಿತವಾಗಿ ಹಂಚಲಾಗುತ್ತಿತ್ತು. ಮೋಸಗಾರರೂ ಅಲ್ಲೇ ಮುತ್ತಿಕೊಂಡರು. 2023ರಲ್ಲಿ ಹೊಸ ನೋಂದಣಿ ನಿಂತೇಹೋಯಿತು. ಅದಕ್ಕೂ ಮುಂಚೆ ಜಿಯೋಸಿಟೀಸ್ ಎಂಬಲ್ಲಿ ಅಸಂಖ್ಯ ಜನ ಉಚಿತ ಪುಟ ಮಾಡಿಕೊಂಡಿದ್ದರು. 2009ರ ಅಕ್ಟೋಬರಿನಲ್ಲಿ ಯಾಹೂ ಅದನ್ನು ಮುಚ್ಚಿತು. ಸ್ವಂತ ಹೆಸರಿಗೆ ಆಗುವ ಖರ್ಚು ದೊಡ್ಡದಲ್ಲ. ಡಾಟ್ ಇನ್‌ಗೆ ವರ್ಷಕ್ಕೆ ಕೆಲವು ನೂರು ರೂಪಾಯಿ, ಡಾಟ್ ಕಾಮ್‌ಗೆ ಸಾವಿರದ ಆಸುಪಾಸು. ಕೇಳಬೇಕಾದ್ದು ಮೊದಲ ವರ್ಷದ ದರವನ್ನಲ್ಲ, ಎರಡನೆಯ ವರ್ಷದ್ದನ್ನು. ಮೊದಲ ವರ್ಷದ್ದು ಆಷಾಢದ ಡಿಸ್ಕೌಂಟ್ ಇದ್ದ ಹಾಗೆ.

ಬೇಕಾದ ಹೆಸರು ಡಾಟ್ ಇನ್‌ನಲ್ಲಿ ಖಾಲಿ ಇದೆ, ಡಾಟ್ ಕಾಮ್ ಬೇರೆಯವರ ಬಳಿ ಇದೆ ಎಂದಾದರೆ, ಆ ಬೇರೆಯವರು ಯಾರೆಂದು ನೋಡಬೇಕು. ಮುಂಬಯಿಯ ಬಟ್ಟೆ ಅಂಗಡಿಯಾದರೆ ಚಿಂತೆಯಿಲ್ಲ. ಅದೇ ಹೆಸರಿನ ಇನ್ನೊಂದು ಜೈನ ಟ್ರಸ್ಟ್ ಆಗಿದ್ದರೆ ಆ ಹೆಸರನ್ನೇ ಬಿಡುವುದು ಕ್ಷೇಮ. ಇವರಿಗೆ ಬರಬೇಕಾದ ದಾನ ಅವರಿಗೆ, ಅವರಿಗೆ ಹೋಗಬೇಕಾದ ಪತ್ರ ಇವರಿಗೆ ಬಂದು, ಒಂದೇ ಸಮಾಜದ ಎರಡು ಸಂಸ್ಥೆಗಳ ನಡುವೆ ಮನಸ್ತಾಪ ಹುಟ್ಟುತ್ತದೆ. ಹೆಸರು ಹಿಂದೆ ಯಾರ ಕೈಯಲ್ಲಿತ್ತು ಎಂಬುದನ್ನೂ ನೋಡಬಹುದು. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ವೇಬ್ಯಾಕ್ ಮಷಿನ್‌ನಲ್ಲಿ ಹಳೆಯ ಸೈಟುಗಳ ಪುಟಗಳು ಸಂಗ್ರಹವಾಗಿವೆ, ಹಣವಿಲ್ಲದೆ ನೋಡಬಹುದು.

ದಾನದ ವಿಷಯ ಬಂದಾಗ ಇನ್ನೊಂದು ಎಚ್ಚರ. ಸಣ್ಣಕ್ಷರದಲ್ಲಿ ಆರ್ ಮತ್ತು ಎನ್ ಪಕ್ಕಪಕ್ಕ ಬಂದರೆ ಎಂ ಹಾಗೆ ಕಾಣುತ್ತದೆ. ಎಲ್ ಮತ್ತು ಅಂಕಿ ಒಂದು, ಓ ಮತ್ತು ಸೊನ್ನೆ ಒಂದೇ ರೀತಿ. ಮೋಸ ಮಾಡುವವರು ಇಂಥ ಒಂದಕ್ಷರ ಬದಲಿಸಿ ನಕಲಿ ಸೈಟ್ ತೆರೆದು ತಮ್ಮ ಕ್ಯೂಆರ್ ಕೋಡ್ ಹಾಕುತ್ತಾರೆ. ಬ್ಯಾಂಕುಗಳಿಗೆ ಈ ಕಾಟ ಎಷ್ಟಾಯಿತೆಂದರೆ, 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ಕಾಯ್ದಿರಿಸಿದ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಬಸದಿ, ಟ್ರಸ್ಟುಗಳಿಗೆ ಅಂಥ ಕಾವಲಿನ ವಿಳಾಸ ಇಲ್ಲ. ಆದ್ದರಿಂದಲೇ ಚಿಕ್ಕದಾದ, ತಪ್ಪು ಬರೆಯಲಾಗದ, ಎಲ್ಲರ ಬಾಯಲ್ಲೂ ಒಂದೇ ರೀತಿ ಇರುವ ಹೆಸರು ಬೇಕು. ಭಕ್ತರಿಗೆ ಸರಿಯಾದ ಹೆಸರು ಬಾಯಿಪಾಠ ಇದ್ದರೆ ನಕಲಿಯದು ಕಣ್ಣಿಗೆ ಬೀಳುತ್ತದೆ.

ಹೆಸರು ಯಾರ ಹೆಸರಿನಲ್ಲಿ?

ಎಷ್ಟೇ ಚೆನ್ನಾದ ಹೆಸರು ಆರಿಸಿದರೂ ಅದು ಸಂಸ್ಥೆಯ ಕೈಯಲ್ಲಿ ಇಲ್ಲದಿದ್ದರೆ ಆರಿಸಿದ್ದು ವ್ಯರ್ಥ. ಸಾಮಾನ್ಯವಾಗಿ ನಡೆಯುವುದು ಹೀಗೆ: ಸಮಾಜದ ಉತ್ಸಾಹಿ ತರುಣನೊಬ್ಬ, ಅಥವಾ ಸೈಟ್ ಮಾಡಿಕೊಡುವ ಏಜೆನ್ಸಿಯವರು, ತಮ್ಮದೇ ಈಮೇಲ್, ತಮ್ಮದೇ ಮೊಬೈಲ್ ಕೊಟ್ಟು ಡೊಮೈನ್ ಮಾಡಿಸುತ್ತಾರೆ. ಕೆಟ್ಟ ಉದ್ದೇಶ ಏನೂ ಇರುವುದಿಲ್ಲ. ನಾಲ್ಕು ವರ್ಷದ ಮೇಲೆ ತರುಣ ಕೆಲಸಕ್ಕೆಂದು ವಿದೇಶಕ್ಕೆ ಹೋಗುತ್ತಾನೆ, ಏಜೆನ್ಸಿ ಮುಚ್ಚುತ್ತದೆ, ಮೊಬೈಲ್ ನಂಬರ್ ಬದಲಾಗುತ್ತದೆ. ನವೀಕರಿಸಿ ಎಂಬ ಮೇಲ್ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬೀಳುತ್ತದೆ.

ಅವಧಿ ಮುಗಿದ ಕೂಡಲೇ ಹೆಸರು ಹೋಗುವುದಿಲ್ಲ. ಡಾಟ್ ಕಾಮ್, ಡಾಟ್ ಆರ್ಗ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಕೆಲವು ವಾರ ಮಾಮೂಲು ದರದಲ್ಲೇ ನವೀಕರಿಸಬಹುದು. ಆಮೇಲೆ 30 ದಿನ ದುಬಾರಿ ದಂಡ ಕೊಟ್ಟು ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ ಐದು ದಿನದಲ್ಲಿ ಹೆಸರು ಅಳಿಸಿಹೋಗಿ ಮಾರುಕಟ್ಟೆಗೆ ಬೀಳುತ್ತದೆ. ಅಲ್ಲಿ ಇಂಥವಕ್ಕೇ ಕಾದು ಕುಳಿತವರಿದ್ದಾರೆ. ಹಳೆಯ ಹೆಸರಿಗೆ ಗೂಗಲ್‌ನಲ್ಲಿ ಇರುವ ಮರ್ಯಾದೆಗಾಗಿ ಅದನ್ನು ಹಿಡಿದು ಆನ್‌ಲೈನ್ ಜೂಜಿನ ಜಾಹೀರಾತು ತುಂಬಿಸುತ್ತಾರೆ. ಸಪ್ತವ್ಯಸನಗಳ ಪಟ್ಟಿಯಲ್ಲಿ ಮೊದಲು ಬರುವುದೇ ಜೂಜು. ಬಸದಿಯ ಹೆಸರಿನ ವಿಳಾಸ ಒತ್ತಿದರೆ ಅದು ತೆರೆದುಕೊಳ್ಳುತ್ತದೆ, ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ವಿಳಾಸವನ್ನು ಅಳಿಸಲೂ ಆಗುವುದಿಲ್ಲ.

ಮರೆವು ಸಣ್ಣವರಿಗೆ ಮಾತ್ರ ಅಲ್ಲ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ 35 ಡಾಲರ್ ಕಟ್ಟಲು ಮರೆತು, ಹಾಟ್‌ಮೇಲ್ ಬಳಸುವ ಅನೇಕರಿಗೆ ಒಳಗೆ ಹೋಗಲಾಗದೆ, ಕೊನೆಗೆ ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ ಹಣ ಕಟ್ಟಿ ಸರಿಪಡಿಸಿದ. ಟ್ರಸ್ಟಿಗೆ ಅಂಥ ಪುಣ್ಯಾತ್ಮ ಸಿಗುವುದು ಕಷ್ಟ.

ಆದ್ದರಿಂದ ನೋಂದಣಿಯಲ್ಲಿ ಮಾಲೀಕರ ಜಾಗದಲ್ಲಿ ಟ್ರಸ್ಟಿನ ಹೆಸರೇ ಇರಬೇಕು, ವ್ಯಕ್ತಿಯದಲ್ಲ. ಈಮೇಲ್ ಕಾರ್ಯದರ್ಶಿಯ ಸ್ವಂತದ್ದಾಗಬಾರದು, ಹುದ್ದೆಯ ಹೆಸರಿನದಾಗಬೇಕು, ಇಬ್ಬರಿಗೆ ಅದರ ಪಾಸ್‌ವರ್ಡ್ ತಿಳಿದಿರಬೇಕು. ಆ ಈಮೇಲ್ ಅದೇ ಡೊಮೈನಿನದಾಗಿರಬಾರದು. ಬೀಗದ ಕೈಯನ್ನು ಬೀಗ ಹಾಕಿದ ಕೋಣೆಯೊಳಗೇ ಇಟ್ಟ ಹಾಗಾಗುತ್ತದೆ, ಡೊಮೈನ್ ನಿಂತರೆ ಮೇಲೂ ನಿಲ್ಲುತ್ತದೆ. ಒಟಿಪಿ ಬರುವ ಮೊಬೈಲ್ ಕಚೇರಿಯದಾದರೆ ಉತ್ತಮ. ಯಾವ ಕಂಪನಿಯಲ್ಲಿ ನೋಂದಣಿ, ಯಾವ ದಿನ ಮುಗಿಯುತ್ತದೆ ಎಂಬುದು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು, ಪದಾಧಿಕಾರಿಗಳು ಬದಲಾದಾಗ ತಿಜೋರಿ ಕೀಲಿಯ ಜೊತೆ ಇದನ್ನೂ ಒಪ್ಪಿಸಬೇಕು. ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಒಟ್ಟಿಗೆ ಕಟ್ಟಲು ಅವಕಾಶವಿದೆ. ಯಾರಾದರೂ ದಾನಿ ಅದನ್ನು ಸೇವೆಯಾಗಿ ವಹಿಸಿಕೊಂಡರೂ ರಶೀದಿ ಟ್ರಸ್ಟಿನ ಹೆಸರಿಗೇ ಬರಲಿ.

ಈಗಾಗಲೇ ಬೇರೆಯವರ ಹೆಸರಿನಲ್ಲಿ ಇದ್ದರೆ, ಸ್ನೇಹ ಚೆನ್ನಾಗಿರುವಾಗಲೇ ವರ್ಗಾಯಿಸಿಕೊಳ್ಳುವುದು ಜಾಣತನ. ಅದೇ ಕಂಪನಿಯಲ್ಲಿ ಖಾತೆ ಬದಲಿಸುವುದು ಸುಲಭ. ಬೇರೆ ಕಂಪನಿಗೆ ಒಯ್ಯಲು ಒಂದು ಗುಪ್ತ ಕೋಡ್ ಬೇಕು, ಹೊಸದಾಗಿ ನೋಂದಾಯಿಸಿದ್ದಾದರೆ 60 ದಿನ ಕಾಯಬೇಕಾಗುತ್ತದೆ. ಯಾರಾದರೂ ದುರುದ್ದೇಶದಿಂದಲೇ ಸಂಸ್ಥೆಯ ಹೆಸರನ್ನು ಹಿಡಿದಿಟ್ಟುಕೊಂಡಿದ್ದರೆ ಡಾಟ್ ಇನ್‌ಗೆ ನಿಕ್ಸಿಯ, ಡಾಟ್ ಕಾಮ್ ಮುಂತಾದವಕ್ಕೆ ಅಂತರರಾಷ್ಟ್ರೀಯ ಪಂಚಾಯಿತಿ ವ್ಯವಸ್ಥೆ ಇದೆ. ಅಲ್ಲಿ ಹೆಸರಿನ ಮೇಲೆ ತಮಗೆ ಹಕ್ಕಿದೆ ಎಂದು ದಾಖಲೆ ತೋರಿಸಬೇಕು, ಖರ್ಚೂ ಇದೆ.

ಕನ್ನಡದಲ್ಲೇ ವಿಳಾಸ

ರೋಮನ್ ಅಕ್ಷರದ ಈ ಗೋಜೇ ಬೇಡ, ಕನ್ನಡದಲ್ಲೇ ವಿಳಾಸ ಇರಬಾರದೇ ಎಂದು ಕೇಳುವವರಿದ್ದಾರೆ. ಇರಬಹುದು. ಡಾಟ್ ಭಾರತ ಎಂಬುದು ಕನ್ನಡ ಲಿಪಿಯಲ್ಲೇ ಇದೆ, ಚುಕ್ಕೆಯ ಎರಡೂ ಕಡೆ ಕನ್ನಡ. ಇದೂ ನಿಕ್ಸಿಯ ಉಸ್ತುವಾರಿಯದೇ. ಕಂಪ್ಯೂಟರ್ ಒಳಗೊಳಗೆ ಅದನ್ನು ಎಕ್ಸ್ ಎನ್ ಎಂದು ಆರಂಭವಾಗುವ ರೋಮನ್ ಸಂಕೇತಕ್ಕೆ ಬದಲಿಸಿಕೊಳ್ಳುತ್ತದೆ. ಕೆಲವೊಮ್ಮೆ ಕಾಪಿ ಮಾಡಿ ಕಳಿಸಿದಾಗ ಕನ್ನಡದ ಬದಲು ಆ ವಿಚಿತ್ರ ಸಾಲೇ ಕಾಣುವುದುಂಟು, ಗಾಬರಿ ಬೇಡ.

ಕಿವಿಯ ಪರೀಕ್ಷೆಯಲ್ಲಿ ಕನ್ನಡ ವಿಳಾಸ ಚೆನ್ನಾಗಿ ಪಾಸಾಗುತ್ತದೆ, ಹೊಂಬುಜ ಎಂದರೆ ಹೊಂಬುಜವೇ. ಸೋಲುವುದು ಕೀಬೋರ್ಡಿನಲ್ಲಿ. ಮೊಬೈಲಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳದವರು, ಹೊರರಾಜ್ಯದಲ್ಲಿ ಬೆಳೆದು ಕನ್ನಡ ಮಾತಾಡುತ್ತಾರೆ ಆದರೆ ಬರೆಯಲಾರರು ಎಂಬಂಥ ಮಕ್ಕಳು ಅಲ್ಲಿಗೆ ತಲುಪುವುದಿಲ್ಲ. ಕನ್ನಡ ಡೊಮೈನಿನ ಈಮೇಲನ್ನು ಒಪ್ಪದ ಫಾರಂಗಳು ಇನ್ನೂ ಬಹಳ ಇವೆ. ಕನ್ನಡ, ತೆಲುಗು ಲಿಪಿಗಳಲ್ಲಿ ಕಣ್ಣಿಗೆ ಒಂದೇ ರೀತಿ ಕಾಣುವ ಅಕ್ಷರಗಳೂ ಇವೆ, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ.

ಹೀಗಾಗಿ ಸದ್ಯಕ್ಕೆ ಕನ್ನಡದ್ದು ಎರಡನೆಯ ವಿಳಾಸವಾಗಿ ಇರಲಿ, ಟೈಪ್ ಮಾಡಿದವರು ಮುಖ್ಯ ಸೈಟಿಗೇ ಬರಲಿ. ಆಮಂತ್ರಣ ಪತ್ರಿಕೆಯಲ್ಲಿ ಎರಡನ್ನೂ ಅಚ್ಚು ಹಾಕಬಹುದು, ಕನ್ನಡದ್ದು ಮೇಲೆ. ಅಚ್ಚಿಗೆ ಕೊಡುವ ಮುನ್ನ ಪ್ರೂಫಿನಲ್ಲಿ ಇರುವ ವಿಳಾಸವನ್ನು ನೋಡಿ ನೋಡಿ ಒಬ್ಬರು ಮೊಬೈಲಿನಲ್ಲಿ ಟೈಪ್ ಮಾಡಿ, ಸರಿಯಾದ ಪುಟ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಡಿಟಿಪಿಯವರು ಸಾಲು ತುಂಬಿಸಲು ವಿಳಾಸದ ನಡುವೆ ತಮ್ಮದೊಂದು ಹೈಫನ್ ಸೇರಿಸಿರುವ ಪತ್ರಿಕೆಗಳು ಆಗಾಗ ಬರುತ್ತವೆ.